ಬೆನ್ನ ಮೇಲಿನ ಹೆಸರು

ಅಕ್ಕನ ಮಗನ ಬೀರುವಿನಲ್ಲಿ ಮೂರು ಆರ್‌ಸಿಬಿ ಜೆರ್ಸಿಗಳಿವೆ. ಮೂರೂ ಮೈಗೆ ಸರಿಯಾಗಿ ಕೂರುತ್ತವೆ. ಮೂರನ್ನೂ ಹಾಕಿಕೊಳ್ಳುವ ಹಾಗಿಲ್ಲ. ಒಂದರ ಬೆನ್ನ ಮೇಲೆ ಫಾಫ್, ಇನ್ನೊಂದರ ಮೇಲೆ ಮ್ಯಾಕ್ಸ್‌ವೆಲ್, ಮತ್ತೊಂದರ ಮೇಲೆ ಸಿರಾಜ್. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಆಟಗಾರರ ಹರಾಜು ಮುಗಿಯುವ ಹೊತ್ತಿಗೆ ಸಿರಾಜ್ ಗುಜರಾತ್ ಸೇರಿದ್ದ. 2025ರ ಸೀಸನ್ ಶುರುವಾದಾಗ ಫಾಫ್ ಡೆಲ್ಲಿಯಲ್ಲಿ, ಮ್ಯಾಕ್ಸ್‌ವೆಲ್ ಪಂಜಾಬ್‌ನಲ್ಲಿ. ಹುಡುಗ ಯಾರ ಹೆಸರು ಹಾಕಿಸಿದರೂ ಅವರು ಮನೆ ಖಾಲಿ ಮಾಡುತ್ತಾರೆ. ದಯವಿಟ್ಟು ಕೊಹ್ಲಿ ಜೆರ್ಸಿ ಮಾತ್ರ ಕೊಡಿಸಬೇಡ ಅಂತ ಅಕ್ಕನಿಗೆ ಕೈಮುಗಿದು ಹೇಳಿದ್ದೇನೆ.

ಅಕ್ಕ ಸುಮ್ನೆ ಕೂರುವವಳಲ್ಲ. ದುಡ್ಡು ಕೊಟ್ಟು ತಂದ ಬಟ್ಟೆ. ಸಿರಾಜ್ ಹೆಸರಿನ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟು, ಉಗುರಿನಿಂದ ಒಂದೊಂದೇ ಅಕ್ಷರ ಎಬ್ಬಿಸಿದಳು. ಮೊದಲ ಎರಡು ಇಂಗ್ಲಿಷ್ ಅಕ್ಷರ ಸಲೀಸಾಗಿ ಬಂದವು. ಉಳಿದ ಮೂರು ಜಪ್ಪಯ್ಯ ಅಂದರೂ ಬರಲಿಲ್ಲ. ಈಗ ಅಲ್ಲಿರುವುದು 'ರಾಜ್'. ಕರ್ನಾಟಕದಲ್ಲಿ ಆ ಹೆಸರಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಅಣ್ಣಾವ್ರು ಯಾವ ಹರಾಜಿಗೂ ಹೋದವರಲ್ಲ. ಹುಡುಗ ಬೀದಿ ಕ್ರಿಕೆಟ್ಟಿಗೆ ಅದೊಂದನ್ನು ಮಾತ್ರ ಧೈರ್ಯವಾಗಿ ಹಾಕಿಕೊಂಡು ಹೋಗುತ್ತಾನೆ.

ಟೀವಿ ಪಂಡಿತರು ಹೇಳುವುದೇ ಬೇರೆ. ಆಟಗಾರನ ಮೇಲೆ ಮೋಹ ಇಟ್ಟುಕೊಳ್ಳಬಾರದಂತೆ. ಟೀಮ್ ಗೆದ್ದರೆ ಸಾಕಂತೆ. ಎಂಥ ವೈರಾಗ್ಯ! ಈ ವೈರಾಗ್ಯ ಬಂದವನಿಗೆ ಜೆರ್ಸಿ ಮಾರಲು ಆಗುವುದಿಲ್ಲ, ಅದೊಂದೇ ತೊಂದರೆ. ಅದಕ್ಕೇ ಬೇಸಿಗೆಯಲ್ಲಿ ಒಂದು ಧರ್ಮ, ಚಳಿಗಾಲದಲ್ಲಿ ಇನ್ನೊಂದು. ಏಪ್ರಿಲ್‌ನಲ್ಲಿ ಆಟಗಾರ ಮನೆ ಮಗ. ನವೆಂಬರ್‌ನಲ್ಲಿ ಅದೇ ಮನೆ ಮಗನ ಹೆಸರಿಗೆ ಟೇಬಲ್ ಮೇಲೆ ಸುತ್ತಿಗೆ ಏಟು.

2025ರ ಏಪ್ರಿಲ್ ನೆನಪಿದೆಯಲ್ವಾ? 2ನೇ ತಾರೀಖು ಸಿರಾಜ್ ಚಿನ್ನಸ್ವಾಮಿಗೆ ಬಂದ. ಏಳು ಸೀಸನ್ ನಮ್ಮ ಅಂಗಿ ಹಾಕಿದವನು ಗುಜರಾತಿನ ಅಂಗಿಯಲ್ಲಿ ಬಂದು, 19 ರನ್ನಿಗೆ 3 ವಿಕೆಟ್ ಕಿತ್ತು ನಮ್ಮನ್ನು ಸೋಲಿಸಿ ಹೋದ. 10ನೇ ತಾರೀಖು ಡೆಲ್ಲಿಯ ಅಂಗಿಯಲ್ಲಿ ಕೆ.ಎಲ್. ರಾಹುಲ್ ಬಂದ. 53 ಬಾಲಿಗೆ 93, ಔಟೇ ಇಲ್ಲ. ಸಿಕ್ಸ್ ಹೊಡೆದು ಮ್ಯಾಚ್ ಮುಗಿಸಿ, ಬ್ಯಾಟಿನಿಂದ ನೆಲದ ಮೇಲೆ ಗುಂಡಗೆ ಗೆರೆ ಎಳೆದು, ನಡುವೆ ಬ್ಯಾಟ್ ಊರಿ, ಇದು ನನ್ನ ಜಾಗ ಅನ್ನುವ ಹಾಗೆ ನಿಂತ.

ನಮ್ಮನೆ ಹಾಲ್‌ನಲ್ಲಿ ಆಗ ನಡೆದದ್ದು ಇಷ್ಟು. ಭಾವ 'ಹೊಡೆದ ನೋಡು ನಮ್ಮ ಹುಡುಗ!' ಅಂತ ಎರಡೂ ಕೈ ಎತ್ತಿ ಎದ್ದು ನಿಂತರು. ಸೋತಿದ್ದು ಯಾರು ಅಂತ ಆಮೇಲೆ ಹೊಳೆಯಿತು. ಎತ್ತಿದ ಕೈ ಇಳಿಸಲು ಒಂದು ನೆಪ ಬೇಕಲ್ಲ, ಫ್ಯಾನ್ ಕಡೆ ನೋಡಿ 'ಧೂಳು ಜಾಸ್ತಿ ಆಗಿದೆ' ಅಂದರು.

ರಾಹುಲ್ ನನ್ನ ಜಾಗ ಅಂದಿದ್ದರಲ್ಲಿ ತಪ್ಪೇನಿಲ್ಲ. ಬೆಳೆದದ್ದು ಸುರತ್ಕಲ್‌ನಲ್ಲಿ, ರಣಜಿ ಆಡಿದ್ದು ಕರ್ನಾಟಕಕ್ಕೆ. ಆದರೆ ಅವನ ಐಪಿಎಲ್ ಜೀವನ ಓದಿದರೆ ಬಸ್ಸಿನ ಬೋರ್ಡ್ ಓದಿದ ಹಾಗಾಗುತ್ತದೆ. ಬೆಂಗಳೂರು, ಹೈದರಾಬಾದ್, ಮತ್ತೆ ಬೆಂಗಳೂರು, ಪಂಜಾಬ್, ಲಕ್ನೋ, ಡೆಲ್ಲಿ.

ಹರಾಜು ಅಂದಾಗಲೆಲ್ಲ ನನಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಕಣ್ಣಿಗೆ ಬರುತ್ತದೆ. ಚಿಕ್ಕವನಿದ್ದಾಗ ತಾತನ ಜೊತೆ ಹೋಗುತ್ತಿದ್ದೆ. ಹಳ್ಳಿಕಾರ್ ಎತ್ತುಗಳನ್ನು ಜೋಡಿ ಜೋಡಿಯಾಗಿ ಕಟ್ಟಿರುತ್ತಿದ್ದರು. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ. ರೇಟು ಮಾತ್ರ ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದೇ ವ್ಯಾಪಾರ. ಎತ್ತಿನ ಎದುರಿಗೆ ಅದರ ಬೆಲೆ ಹೇಳಬಾರದು ಕಣೋ ಅನ್ನುತ್ತಿದ್ದರು ತಾತ. ನಿಜವಾದ ಕಾರಣ ಪಕ್ಕದ ದಲ್ಲಾಳಿಗೆ ಗೊತ್ತಾಗಬಾರದು ಅನ್ನುವುದು ಇರಬೇಕು. ಆದರೂ ಆ ಮಾತು ನನಗೆ ಇಷ್ಟ. ಮಾರಿದ ಮೇಲೆ ಕೊರಳ ಹಗ್ಗ ಬಿಚ್ಚಿ ತಾವೇ ತಂದುಕೊಳ್ಳುತ್ತಿದ್ದರು. ಎತ್ತು ಹೋಗಿ ಎಷ್ಟೋ ದಿನ ಆದ ಮೇಲೂ ಹಗ್ಗ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿತ್ತು.

ಜೆಡ್ಡಾದಲ್ಲಿ ಟವೆಲ್ ಇರಲಿಲ್ಲ. ರಾಹುಲ್ 14 ಕೋಟಿ, ಸಿರಾಜ್ 12.25 ಕೋಟಿ ಅಂತ ಲೋಕಕ್ಕೆಲ್ಲ ಕೇಳುವ ಹಾಗೆ ಕೂಗಿದರು. ಹಗ್ಗ ಅಕ್ಕನ ಮಗನ ಬೀರುವಿನಲ್ಲಿ ಉಳಿಯಿತು.

ಈ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. 2011ರಲ್ಲಿ ದ್ರಾವಿಡ್ ಅವರು ರಾಜಸ್ಥಾನಕ್ಕೆ ಹೋದಾಗ ನಮ್ಮ ಚಿಕ್ಕಪ್ಪನೂ ಹೊರಟರು. ಮನಸ್ಸಿನಲ್ಲಿ ಮಾತ್ರ. ಅರಸೀಕೆರೆ ದಾಟಿದರೆ ಅವರಿಗೆ ಅಲ್ಲಿಯ ನೀರು ಒಗ್ಗುವುದಿಲ್ಲ. 'ನಮ್ಮವರು ಎಲ್ಲಿರ್ತಾರೋ ಅದೇ ನಮ್ಮ ಟೀಮ್' ಅಂತ ಬೆಂಗಳೂರಿನಲ್ಲೇ ಕೂತು ರಾಯಲ್ಸ್‌ಗೆ ಚಪ್ಪಾಳೆ ತಟ್ಟಿದರು. 2025ರಲ್ಲಿ ಅದೇ ಟೀಮಿಗೆ ಕೋಚ್ ಆಗಿದ್ದ ದ್ರಾವಿಡ್ ಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಬಂದಾಗ ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಆಗಸ್ಟ್‌ನಲ್ಲಿ ದ್ರಾವಿಡ್ ಆ ಕೆಲಸ ಬಿಟ್ಟರು. ಅವತ್ತಿನಿಂದ ಚಿಕ್ಕಪ್ಪ ನಿರುದ್ಯೋಗಿ.

ಹಾಗಂತ ಪಂಡಿತರು ಸುಳ್ಳು ಹೇಳಲಿಲ್ಲ. 2016ರಲ್ಲಿ ಕೊಹ್ಲಿ 973 ರನ್ ಹೊಡೆದರು, ಪಕ್ಕದಲ್ಲಿ ಎಬಿ, ಗೇಲ್. ಅಷ್ಟು ಪ್ರೀತಿ ಒಂದೇ ಟೀಮಿನಲ್ಲಿ ಮತ್ತೆ ಸೇರಲಿಲ್ಲ. ಫೈನಲ್ 8 ರನ್ನಿಂದ ಹೋಯಿತು. ಮೋಹ ಬಿಟ್ಟು ಲೆಕ್ಕ ಹಾಕಿ ಕೊಂಡ ವರ್ಷ ಕಪ್ ಬಂತು. 2025ರ ಜೂನ್ 3, ಅಹಮದಾಬಾದ್, 6 ರನ್. ಫೈನಲ್‌ನ ಹೀರೊ ಕೃನಾಲ್ ಪಾಂಡ್ಯ, 4 ಓವರ್, 17 ರನ್, 2 ವಿಕೆಟ್. ಮುಂಬೈ ಅಂಗಿಯಲ್ಲಿದ್ದಾಗ ಅವನಿಗೆ ಬೈದದ್ದನ್ನೆಲ್ಲ ವಾಪಸ್ ತಗೊಳ್ಳಲು ನಮಗೆ ನಾಲ್ಕು ಓವರ್ ಸಾಕಾಯಿತು. ಆರ್‌ಸಿಬಿಯ ಹೆಣ್ಣುಮಕ್ಕಳ ಟೀಮು ತನ್ನ ಎರಡನೇ ಸೀಸನ್ನಿನಲ್ಲೇ, 2024ರಲ್ಲಿ, ಕಪ್ ತಂದಿಟ್ಟಿತ್ತು. ಆಗ ನಮ್ಮ ಬೀದಿಯಲ್ಲಿ ಇಷ್ಟು ಪಟಾಕಿ ಕೇಳಿದ ನೆನಪಿಲ್ಲ. ಜೂನ್ 3ರ ರಾತ್ರಿ ಸಿರಾಜ್ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಮಾರನೇ ದಿನ ಜೂನ್ 4. ಇಲ್ಲಿ ನನಗೆ ತಮಾಷೆ ಬರುವುದಿಲ್ಲ.

ಕಪ್ ಗೆದ್ದವರನ್ನು ನೋಡಲು ಬಂದವರಲ್ಲಿ 11 ಜನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಸತ್ತರು. ಚಿಕ್ಕ ವಯಸ್ಸಿನವರು. ಒಳಗೆ ಸನ್ಮಾನ ನಡೆಯಿತು. ಆಮೇಲೆ ಸರ್ಕಾರ ಟೀಮಿನ ಕಡೆ ಬೆರಳು ತೋರಿಸಿತು, ಟೀಮು ಇನ್ನೊಂದು ಕಡೆ ತೋರಿಸಿತು, ಪೊಲೀಸ್ ಕಮಿಷನರ್ ಸಸ್ಪೆಂಡ್ ಆದರು. ಟೀಮಿನ ಸೋಷಿಯಲ್ ಮೀಡಿಯಾ ಸಂತಾಪ ಹೇಳಿ, ಆಗಸ್ಟ್ ಕೊನೆಯವರೆಗೆ ಸುಮ್ಮನಾಯಿತು. ಹದಿನೆಂಟು ಸೀಸನ್ ಇದೇ ಜನರನ್ನು ಎಲ್ಲರೂ ಹೊಗಳಿದ್ದರು. ಸೋತರೂ ಬಿಟ್ಟು ಹೋಗದ ಅಭಿಮಾನಿಗಳು, ಇಂಥವರು ಎಲ್ಲೂ ಇಲ್ಲ ಅಂದಿದ್ದರು. ಯಾವ ಬೌಲರ್ ಎಷ್ಟನೇ ಓವರ್‌ನಲ್ಲಿ ಎಷ್ಟು ರನ್ ಕೊಡುತ್ತಾನೆ ಅನ್ನುವ ಲೆಕ್ಕ ಕಂಪ್ಯೂಟರಿನಲ್ಲಿದೆ. ಈ ಅಭಿಮಾನಿಗಳು ಒಟ್ಟಿಗೆ ಬಂದರೆ ಎಷ್ಟು ಗೇಟ್ ತೆರೆಯಬೇಕು ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಬರೆದು ಬರೆದು ಸಾಕಾಗಿದೆ.

ನವೆಂಬರ್‌ನಲ್ಲಿ ಎಂದಿನಂತೆ, ಟೀಮು ಕೈಬಿಟ್ಟ ಆಟಗಾರರ ಬಿಡುಗಡೆ ಪಟ್ಟಿ ಬಂತು. ಬಿಡುಗಡೆಯಂತೆ, ಪರಪ್ಪನ ಅಗ್ರಹಾರದಿಂದ ಹೊರಗೆ ಬಂದವರ ಹಾಗೆ! ಫೈನಲ್‌ನಲ್ಲಿ 18 ಬಾಲಿಗೆ 24 ಹೊಡೆದ ನಮ್ಮ ಮಯಾಂಕ್ ಅಗರ್ವಾಲ್ ಅದರಲ್ಲಿದ್ದ. 'ಮಾಮ, ಸದ್ಯ ಅವನ ಹೆಸರು ಹಾಕಿಸಿರಲಿಲ್ಲ' ಅಂದ ಅಕ್ಕನ ಮಗ. ಮೈಮೇಲೆ ಅದೇ ರಾಜ್ ಜೆರ್ಸಿ. ಒಗೆದೂ ಒಗೆದೂ ಕೊನೆಯ ಅಕ್ಷರವೂ ಸುಲಿಯಲು ಶುರುವಾಗಿದೆ.

ಅವತ್ತು ಸಂಜೆ ಚಿಕ್ಕಪ್ಪ ಫೋನ್ ಮಾಡಿದರು.

'ಲೋ, ದ್ರಾವಿಡ್ ಮಕ್ಕಳಿಬ್ಬರೂ ಆಡ್ತಾರಂತಲ್ಲ?'

'ಹೌದು ಚಿಕ್ಕಪ್ಪ.'

'ಮುಂದೆ ಹರಾಜಿಗೆ ಬಂದಾಗ ಯಾವ ಟೀಮ್ ತಗೊಳ್ತು ಅಂತ ನೋಡಿ ಹೇಳು. ಅಲ್ಲೀವರೆಗೂ ನಾನು ಯಾರ ಕಡೆಗೂ ಇಲ್ಲ.'