ಬಾರ್ಡ್ ಎಂದರೆ ಬರಿಯ ಕವಿಯಲ್ಲ

ಐರ್ಲೆಂಡ್, ಸ್ಕಾಟ್ಲೆಂಡ್ ಮೊದಲಾದ ಕಡೆ ನೆಲೆಸಿದ್ದ ಪ್ರಾಚೀನ ಯುರೋಪಿನ ಜನರಾದ ಕೆಲ್ಟರ ‘ಬಾರ್ಡ್’ ಪದವನ್ನು ‘ಕವಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ‘ಹೊಗಳುಭಟ್ಟ’ ಎಂದರೆ ಮೂಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ! ಪ್ರಾಚೀನ ಕೆಲ್ಟಿಕ್‌ನ ‘ಬಾರ್ದೋಸ್’ ಪದವನ್ನು ಭಾಷಾಶಾಸ್ತ್ರಜ್ಞರು ‘ಸ್ತುತಿ ಕಟ್ಟುವವನು’ ಎಂದು ಬಿಡಿಸುತ್ತಾರೆ. ಹೊಗಳುತ್ತಾನೆ ಎಂಬರ್ಥದ ಸಂಸ್ಕೃತದ ‘ಗೃಣಾತಿ’ಯೂ ಅದೇ ಬೇರಿನ ಚಿಗುರು. ‘ಗ’ ಎಲ್ಲಿ, ‘ಬ’ ಎಲ್ಲಿ ಎನ್ನಬೇಡಿ: ಸಂಸ್ಕೃತ, ಕೆಲ್ಟಿಕ್ ಎರಡಕ್ಕೂ ತಾಯಿಯಾದ ಮೂಲಭಾಷೆಯ ‘ಗ್ವ’ ಕೆಲ್ಟಿಕ್‌ನಲ್ಲಿ ‘ಬ’ ಆಗುತ್ತದೆ. ಸಂಸ್ಕೃತದ ‘ಗೋ’, ಐರಿಷ್‌ನ ‘ಬೋ’ ಎರಡೂ ಹಸುವೇ.

ಇನ್ನು ಅಂತಸ್ತಿನ ಮಾತು. ಐರ್ಲೆಂಡ್‌ನಲ್ಲಿ ಮೇಲಿನ ಮಣೆ ‘ಫಿಲಿ’ ಎಂಬ ವಿದ್ವತ್ಕವಿಗೆ. ಬಾರ್ಡ್ ಒಂದು ಮೆಟ್ಟಿಲು ಕೆಳಗೆ. 15ನೇ ಶತಮಾನದ ಸ್ಕಾಟ್ಲೆಂಡ್‌ನ ಕಾನೂನಂತೂ ಬಾರ್ಡ್‌ಗಳನ್ನು ಬೀದಿ ಅಲೆಯುವವರ ಸಾಲಿಗೇ ನೂಕಿತ್ತು. ಮುಂದೆ ಷೇಕ್ಸ್‌ಪಿಯರ್‌ಗೆ ಬಿರುದಾದದ್ದೂ ಇದೇ ಪದ.