ಸಂಪಿನ ದಡದಲ್ಲಿ ಪ್ಯಾರಿಸ್ ಒಪ್ಪಂದ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಕೈಕೊಟ್ಟು, ಕುಡಿಯುವ ನೀರಿನಲ್ಲಿ ಕಾರು ತೊಳೆಯುವವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿದಾಗ, ನಮ್ಮ ಅಪಾರ್ಟ್‌ಮೆಂಟಿನ ಸಂಘವು ದಂಡವೆಂಬ ಅನಾಗರಿಕ ಪದ್ಧತಿಯನ್ನು ಒಲ್ಲದೆ, ನೀರುಳಿತಾಯಕ್ಕೆ ಜಾಗತಿಕ ದರ್ಜೆಯ ಒಪ್ಪಂದವೊಂದನ್ನು ರಚಿಸಲು ತೀರ್ಮಾನಿಸಿತು.

ಹವಾಮಾನ ಒಪ್ಪಂದಗಳನ್ನು ಅರೆದು ಕುಡಿದಿದ್ದ ಕಾರ್ಯದರ್ಶಿಗಳು ಮೊದಲು 1997ರ ಕ್ಯೋಟೊ ಮಾದರಿಯನ್ನು ಮುಂದಿಟ್ಟರು. ಅದರಲ್ಲಿ ಶಿಕ್ಷೆಯಿತ್ತು: ಭೂಮಿಯ ಬಿಸಿಯೇರಿಸುವ ಅನಿಲಗಳನ್ನು ತಗ್ಗಿಸುವ ಗುರಿ ತಪ್ಪಿದ ದೇಶ ಬಾಕಿಯನ್ನು ಮುಂದಿನ ಅವಧಿಯಲ್ಲಿ ಶೇಕಡ 30ರಷ್ಟು ಹೆಚ್ಚುವರಿ ಸೇರಿಸಿ ತೀರಿಸಬೇಕಿತ್ತು. ಮುಂದಿನ ಅವಧಿಗೆ ಬಾರದೇ ಇದ್ದರೆ ಬಾಕಿಯೂ ಇಲ್ಲ, ಬಡ್ಡಿಯೂ ಇಲ್ಲ. 2011ರಲ್ಲಿ ಕೆನಡಾ ಹೊರನಡೆಯುವುದಾಗಿ ಹೇಳಿ ಲೆಕ್ಕ ಮುಗಿಸಿತು. ಸ್ನಾನದ ತೊಟ್ಟಿಯಿರುವ ಮೂರನೇ ಮಹಡಿಯವರಿಗೆ ಈ ಭಾಗ ಮಾತ್ರ ಬಹಳ ಹಿಡಿಸಿತು.

ಕೊನೆಗೆ 2015ರ ಪ್ಯಾರಿಸ್ ಮಾದರಿಯೇ ಗಟ್ಟಿಯಾಯಿತು. ಎಷ್ಟು ನೀರು ಉಳಿಸುವುದೆಂದು ಪ್ರತಿ ಮನೆಯೂ ತಾನೇ ಬರೆದುಕೊಡುತ್ತದೆ; ಮಾತಿಗೆ ತಪ್ಪಿದವರನ್ನು ವಿಚಾರಿಸುವ ಸಮಿತಿಯು ಯಾರೊಂದಿಗೂ ಜಗಳವಾಡದೆ, ಯಾರನ್ನೂ ದಂಡಿಸದೆ ಕೆಲಸ ಮಾಡುತ್ತದೆ. (ನನ್ನ ಕುಹಕವೆಂದು ತಿಳಿಯಬೇಡಿ, ಆ ಒಪ್ಪಂದದ 15ನೇ ವಿಧಿಯ ತಾತ್ಪರ್ಯವೇ ಇದು.) ಕರಡಿನ 'ಉಳಿಸತಕ್ಕದ್ದು' ಎಂಬುದನ್ನು 'ಉಳಿಸುವುದು ಸೂಕ್ತ' ಎಂದು ತಿದ್ದಿಸಲು ಮೂರನೇ ಮಹಡಿಯವರು ಮುಕ್ಕಾಲು ಗಂಟೆ ತೆಗೆದುಕೊಂಡರು. ಪ್ಯಾರಿಸಿನಲ್ಲೂ ಕೊನೆಯ ಗಳಿಗೆಯಲ್ಲಿ ಅಮೆರಿಕದ ಅನುಕೂಲಕ್ಕಾಗಿ ಇಂಥದೇ ಒಂದು ಕ್ರಿಯಾಪದ ಬೆರಳಚ್ಚಿನ ದೋಷವೆಂಬ ಹೆಸರಿನಲ್ಲಿ ಬದಲಾಗಿತ್ತು.

ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರು ಮಾತ್ರ ಎದ್ದು ನಿಂತರು. ಟ್ಯಾಂಕರಿನ ಖರ್ಚನ್ನು ಚದರಡಿಯ ಲೆಕ್ಕದಲ್ಲಿ ಹಂಚುವಾಗ ನಾನು ಉಳಿಸಿದ ಒಂದು ಬಕೆಟ್ಟಿನ ಲಾಭ ಎಂಬತ್ತನಾಲ್ಕು ಮನೆಗಳಿಗೆ ಚೂರುಚೂರಾಗಿ ಹೋಗಿ, ಕಷ್ಟ ಮಾತ್ರ ಇಡಿಯಾಗಿ ನನ್ನ ಮನೆಯಲ್ಲೇ ಉಳಿಯುತ್ತದೆ, ಆದ್ದರಿಂದ ಮನೆಗೊಂದು ಮೀಟರು ಹಾಕಿಸಿ ಎಂದರು. ಓಜೋನ್ ಪದರ ಉಳಿಸಲು 1987ರಲ್ಲಾದ ಮಾಂಟ್ರಿಯಲ್ ಒಪ್ಪಂದವು ಹೊರಗುಳಿದವರೊಡನೆ ಆ ಪದರವನ್ನು ಕೆಡಿಸುವ ಅನಿಲಗಳ ವ್ಯಾಪಾರವನ್ನೇ ನಿಷೇಧಿಸಿದ್ದರಿಂದ ಸೇರುವುದೇ ಲಾಭವಾಯಿತೆಂದೂ, ಹೊರಗಿನವರ ಸರಕಿಗೆ ಸುಂಕ ಹಾಕುವ ಹವಾಮಾನ ಕ್ಲಬ್ಬನ್ನು ನೊಬೆಲ್ ಪುರಸ್ಕೃತ ವಿಲಿಯಂ ನಾರ್ಡ್‌ಹೌಸ್ ಸೂಚಿಸಿದ್ದಾರೆಂದೂ ವಿವರಿಸಿದರು. ಕ್ಲಬ್‌ಹೌಸ್ ಈಗಾಗಲೇ ಇದೆಯಲ್ಲ ಸಾರ್, ಎಂದರು ಖಜಾಂಚಿಗಳು.

ಒಪ್ಪಂದ ಅವಿರೋಧವಾಗಿ ಅಂಗೀಕಾರವಾಗಿ ಫೋಟೋ ತೆಗೆಯುವಷ್ಟರಲ್ಲಿ ಗೇಟಿನಲ್ಲಿ ಟ್ಯಾಂಕರ್ ರಿವರ್ಸ್ ತೆಗೆದುಕೊಳ್ಳುವ ಸದ್ದು ಕೇಳಿತು. ಸಹಿ ಹಾಕಿದವರೆಲ್ಲ ಇದ್ದಬದ್ದ ಬಕೆಟ್ ತುಂಬಿಸಿಕೊಳ್ಳಲು ಮನೆಗಳಿಗೆ ಧಾವಿಸಿದರು. ಲಿಫ್ಟು ಮೊದಲು ಸಿಕ್ಕಿದ್ದು ಮೂರನೇ ಮಹಡಿಯವರಿಗೆ.