ಡಿಲೀಟ್ ಆದ ಫೈಲಿಗೆ ಪೌತಿ ಖಾತೆ

ನಮ್ಮ ಆಫೀಸಿಗೆ ಹೊಸ ಅಳಿಯ ಬಂದಿದ್ದಾನೆ. ಹೆಸರು ಎಐ ಏಜೆಂಟ್. ಕೋಡ್ ಬರೆಯುತ್ತಾನೆ, ಬಗ್ ಹುಡುಕುತ್ತಾನೆ, ಬೈದರೆ ‘ನೀವು ಹೇಳಿದ್ದೇ ಸರಿ’ ಎನ್ನುತ್ತಾನೆ. ಇಂಥ ಅಳಿಯ ಯಾರಿಗೆ ಬೇಡ? ಒಂದೇ ಕಷ್ಟ. ಪ್ರತಿ ಸಲ ಎದ್ದಾಗಲೂ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಅನ್ನೋದು ಮರೆತಿರುತ್ತಾನೆ. ಅದಕ್ಕೇ ಅವನ ಕೈಗೆ ಕೋಡಿನ ಇಂಡೆಕ್ಸ್ ಕೊಡಬೇಕು. ಅದು ತಾಜಾ ಇರಬೇಕು.

ಎರಡು ವರ್ಷದ ಹಿಂದೆ ದಾವಣಗೆರೆ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ ದಿನವೇ ಕೇಳಿದ್ದಳು, “ಸರ್, ಯಾವುದು ಎಲ್ಲಿದೆ ಅಂತ ಡಾಕ್ಯುಮೆಂಟ್ ಏನಾದ್ರೂ ಇದೆಯಾ?” ಮ್ಯಾನೇಜರ್ ನಕ್ಕಿದ್ದರು. “ಕೋಡೇ ಡಾಕ್ಯುಮೆಂಟ್ ಅಮ್ಮಾ. ಓದ್ತಾ ಹೋಗು.” ಪಾಪ, ಮೂರು ತಿಂಗಳು ಓದಿದಳು. ಕೋಡಿನ ಪರಿಚಯ ಇರಬೇಕಾದ ನಮ್ಮ ರೀಡ್‌ಮಿ ಫೈಲಿನಲ್ಲಿ ಆಗಲೂ, ಮೊನ್ನೆ ಮೊನ್ನೆಯವರೆಗೂ ಇದ್ದದ್ದು ಒಂದೇ ಪದ: ‘ಬರೆಯಬೇಕು’.

ಅದೇ ಮ್ಯಾನೇಜರ್ ಕಳೆದ ತಿಂಗಳು ತುರ್ತು ಮೀಟಿಂಗ್ ಕರೆದರು. ಏಜೆಂಟ್‌ಗೆ ತೊಂದರೆ ಆಗಬಾರದಂತೆ. ವಾರದೊಳಗೆ ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಫೈಲ್ ತಯಾರಾಯಿತು. ನಾಲ್ಕು ಪುಟ. ‘ದಯವಿಟ್ಟು ಈ ಫೋಲ್ಡರ್ ಮುಟ್ಟಬೇಡಿ’ ಅಂತ ಬಹುವಚನ ಬೇರೆ. ಹುಡುಗಿ ಅದನ್ನು ಓದಿ, “ಬಿಲ್ಲಿಂಗ್ ಹೇಗೆ ನಡೆಯುತ್ತೆ ಅಂತ ಇವತ್ತು ಗೊತ್ತಾಯ್ತು ಸರ್” ಅಂದಳು.

ಇಂಡೆಕ್ಸ್ ಅಂದರೆ ಏನೋ ಮಹಾ ವಿದ್ಯೆ ಅಲ್ಲ. ಕೋಡನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನೂ ಅಂಕಿಗಳ ಸಾಲಾಗಿಸಿ ಡೇಟಾಬೇಸಿನಲ್ಲಿ ಇಡುತ್ತಾರೆ. ಬಡ್ಡಿ ಲೆಕ್ಕ ಎಲ್ಲಿದೆ ಅಂತ ಅಳಿಯ ಕೇಳಿದರೆ ಅರ್ಥದಲ್ಲಿ ಹತ್ತಿರ ಇರುವ ಚೂರು ಕೈಗೆ ಬರುತ್ತದೆ. ನಾವು ಇದನ್ನು ಮಾಡುವುದು ರಾತ್ರಿ 2 ಗಂಟೆಗೆ. ಕೋಡ್ ಬದಲಾಗುವುದು ಹಗಲಿಡೀ.

ತಿಪಟೂರಿನ ಹತ್ತಿರ ನಮ್ಮದು ಎರಡು ಎಕರೆ ತೆಂಗಿನ ತೋಟ ಇದೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ತಾತ ಹೋಗಿ ಎಷ್ಟೋ ವರ್ಷ ಆಯಿತು. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಬೇಕಾದವರು ನಾವು. ದೊಡ್ಡಪ್ಪ ಹಾಕಲಿ ಅಂತ ಅಪ್ಪ, ಅಪ್ಪ ಹಾಕಲಿ ಅಂತ ದೊಡ್ಡಪ್ಪ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿ 20 ವರ್ಷದ ಮೇಲಾಯಿತು. ನಮ್ಮ ತಾತನಿಗೆ ಕೈಬರಹದಿಂದ ಪ್ರಿಂಟ್‌ಔಟಿಗೆ ಬಡ್ತಿ ಸಿಕ್ಕಿತು, ಅಷ್ಟೇ.

ಆಫೀಸಿನಲ್ಲೂ ಅದೇ ಕಥೆ. ಬಡ್ಡಿ ಲೆಕ್ಕದ ಹಳೆಯ ಫೈಲ್ ಒಂದಿತ್ತು. ಒಂದು ಸೋಮವಾರ ಸಂಜೆ ನಾನೇ ಅದನ್ನು ಡಿಲೀಟ್ ಮಾಡಿದೆ. ನಮ್ಮ ರಾತ್ರಿಯ ಸ್ಕ್ರಿಪ್ಟಿಗೆ ಹುಟ್ಟಿದವರನ್ನು ಸೇರಿಸುವುದು ಗೊತ್ತು, ಸತ್ತವರನ್ನು ತೆಗೆಯುವುದು ಗೊತ್ತಿಲ್ಲ. ಫೈಲ್ ಹೋದರೂ ಇಂಡೆಕ್ಸಿನಲ್ಲಿ ಅದರ ಚೂರುಗಳು ಜೀವಂತ. ಸಾಲದ್ದಕ್ಕೆ ಹಳೇ ಕಾಲದ ಯಾರೋ ಪುಣ್ಯಾತ್ಮ ಅದಕ್ಕೆ ನೀಟಾಗಿ ಕಾಮೆಂಟ್ ಬರೆದಿದ್ದ. ಹೊಸ ಫೈಲಿಗೆ ನಾವ್ಯಾರೂ ಬರೆದಿರಲಿಲ್ಲ. ಹಾಗಾಗಿ ಬಡ್ಡಿ ಅಂದರೆ ಸಾಕು, ಹಳೆಯದೇ ಮೊದಲು ಬರುತ್ತಿತ್ತು.

ಅಳಿಯ ಆ ವಿಳಾಸ ಹಿಡಿದು ಹೋದ. ಫೈಲ್ ಇಲ್ಲ. ಮನುಷ್ಯ ಆಗಿದ್ದರೆ ಪಕ್ಕದವರನ್ನು ಕೇಳುತ್ತಿದ್ದ. ಇವನು ಕೈಯಲ್ಲಿದ್ದ ಚೂರುಗಳನ್ನು ಹೊಲಿದು ಅದೇ ಹೆಸರಿನ ಫೈಲನ್ನು ಹೊಸದಾಗಿ ಹುಟ್ಟಿಸಿದ. 14 ಟೆಸ್ಟ್ ಬರೆದ. ಎಲ್ಲ ಪಾಸ್. ರಾತ್ರಿ 2 ಗಂಟೆಗೆ ಸ್ಕ್ರಿಪ್ಟ್ ಬಂದು ಅದನ್ನು ಇಂಡೆಕ್ಸಿಗೆ ಸೇರಿಸಿತು. ಇಷ್ಟು ದಿನ ತಾತ ಬರೀ ಪಹಣಿಯಲ್ಲಿದ್ದರು, ಈಗ ತೋಟದಲ್ಲೇ ಓಡಾಡತೊಡಗಿದರು.

ಮತ್ತೆ ಮೀಟಿಂಗ್. ಬದಲಾದ ಕೂಡಲೇ ಗೊತ್ತಾಗಲಿ ಅಂತ ಫೋಲ್ಡರಿಗೊಬ್ಬ ಕಾವಲುಗಾರನನ್ನು ಕೂರಿಸಿದರು. ನಮ್ಮ ಸರ್ವರಿನ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಅದರಲ್ಲಿ ಇಂಥ ಕಾವಲಿಗೆ ಮಿತಿ ಇದೆ. ಹಳೆಯ ಕರ್ನಲ್‌ಗಳಲ್ಲಿ, ಅಂದರೆ ಲಿನಕ್ಸಿನ ಹಳೆಯ ತಿರುಳುಗಳಲ್ಲಿ, ಅದು ಸಾಮಾನ್ಯವಾಗಿ 8192. ನಮ್ಮದು ಹಳೆಯ ಸರ್ವರ್, ಫೋಲ್ಡರುಗಳೋ ಲೆಕ್ಕಕ್ಕಿಲ್ಲ. ಮಿತಿ ದಾಟಿದರೆ ಲಿನಕ್ಸ್ ಕೊಡುವ ಎರರ್ ‘ಡಿವೈಸ್‌ನಲ್ಲಿ ಜಾಗ ಇಲ್ಲ’ ಅಂತ. ಡಿಸ್ಕ್ ಅರ್ಧ ಖಾಲಿ ಇತ್ತು. ಆದರೂ ಮ್ಯಾನೇಜರ್ ಹೊಸ ಡಿಸ್ಕಿಗೆ ಇಂಡೆಂಟ್ ಹಾಕಿದರು. ಬಂತು. ಎರರ್ ಅಲ್ಲೇ ಇತ್ತು.

ಆಮೇಲೆ ಯಾರೋ ಮರ್ಕಲ್ ಟ್ರೀ ಎಂದರು. 1979ರಲ್ಲಿ ರಾಲ್ಫ್ ಮರ್ಕಲ್ ಕೊಟ್ಟ ಉಪಾಯ. ಪೌತಿ ಖಾತೆಗೆ ವಂಶವೃಕ್ಷ ಕೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಒಂದೊಂದು ಫೈಲಿಗೂ ಒಂದು ಗುರುತಿನ ಸಂಖ್ಯೆ, ಮಕ್ಕಳ ಸಂಖ್ಯೆ ಸೇರಿಸಿ ಅಪ್ಪನ ಸಂಖ್ಯೆ. ಯಾವ ಮನೆಯಲ್ಲಿ ವ್ಯತ್ಯಾಸ ಆಗಿದೆಯೋ ಅಲ್ಲಿಗೆ ಮಾತ್ರ ಹೋದರೆ ಸಾಕು. ಒಳ್ಳೆಯ ಉಪಾಯವೇ. ಅದನ್ನು ನಮ್ಮ ಕೋಡಿಗೆ ಹೊಂದಿಸುವ ಕೆಲಸ ಯಾರಿಗೆ ಕೊಟ್ಟರು? ಅಳಿಯನಿಗೆ. ಅವನು ಇಂಡೆಕ್ಸ್ ನೋಡಿಕೊಂಡು ಮಾಡುತ್ತಿದ್ದಾನೆ.

ಈ ಮಧ್ಯೆ ಹುಡುಗಿ ಸುಮ್ನೆ ಟರ್ಮಿನಲ್ ತೆರೆದು ‘ಗ್ರೆಪ್’ ಹೊಡೆದಳು. ಫೈಲುಗಳ ಒಳಗೆ ಪದ ಹುಡುಕುವ, 1970ರ ದಶಕದಲ್ಲಿ ಕೆನ್ ಥಾಂಪ್ಸನ್ ಬರೆದ ಪುಟ್ಟ ಪ್ರೋಗ್ರಾಂ. ಅದಕ್ಕೆ ಪಹಣಿ ಬೇಡ, ನೇರ ತೋಟಕ್ಕೇ ಹೋಗಿ ನೋಡುತ್ತದೆ. ಬಡ್ಡಿ ಲೆಕ್ಕದ ಸರಿಯಾದ ಫೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಮ್ಯಾನೇಜರ್‌ಗೆ ತುಂಬಾ ಖುಷಿ. “ಸೂಪರ್! ಇದನ್ನ ಏಜೆಂಟ್‌ಗೆ ಹೇಳಿಕೊಡಮ್ಮಾ” ಅಂದರು.

ಅವಳು ಹೇಳಿಕೊಡುವ ಮೊದಲೇ ಅಳಿಯನ ಕಣ್ಣಿಗೆ ರೀಡ್‌ಮಿಯಲ್ಲಿದ್ದ ‘ಬರೆಯಬೇಕು’ ಬಿದ್ದಿದೆ. ಆಜ್ಞೆ ಅಂದುಕೊಂಡು ರಾತ್ರೋರಾತ್ರಿ 11 ಪುಟ ಬರೆದಿದ್ದಾನೆ. ಬಡ್ಡಿ ಲೆಕ್ಕಕ್ಕೆ ಯಾವ ಫೈಲ್ ನೋಡಬೇಕು ಅಂತ ದಪ್ಪ ಅಕ್ಷರದಲ್ಲಿದೆ. ತಾತನದೇ.